ಔಷಧ ಮಾರಲು ಅಟ್ಟಣಿಗೆ ಏರಿದವರು: ಹಳೆಯ ಅಚ್ಚುಚಿತ್ರಗಳಲ್ಲಿ ನೀವು ಏನನ್ನು ನೋಡುತ್ತೀರಿ?

ಅಚ್ಚುಪ್ರಿಯ

ವೆನಿಸ್ಸಿನ ಸೇಂಟ್ ಮಾರ್ಕ್ ಚೌಕದಲ್ಲಿ ಔಷಧ ಮಾರುತ್ತಿದ್ದವರನ್ನು ತೋರಿಸುವ ಒಂದು ತಾಮ್ರದ ಕೆತ್ತನೆಯ ಅಚ್ಚುಚಿತ್ರವಿದೆ. ಜಾಕೊಮೊ ಫ್ರಾಂಕೊ ಎಂಬ ಕೆತ್ತನೆಗಾರ ತನ್ನ ಊರಿನ ಉಡುಗೆ ತೊಡುಗೆ, ರೂಢಿಗಳನ್ನು ಕುರಿತು 1610ರಲ್ಲಿ ಹೊರತಂದ ಪುಸ್ತಕದ ಹಾಳೆ ಅದು. ವಿಶಾಲವಾದ ಚೌಕದಲ್ಲಿ ಒಂದಕ್ಕಿಂತ ಹೆಚ್ಚು ಅಟ್ಟಣಿಗೆಗಳಿವೆ, ಅವುಗಳ ಸುತ್ತ ಜನ ಮುತ್ತಿಕೊಂಡಿದ್ದಾರೆ. ಇವರು ಎಲ್ಲ ದೇಶಗಳ ಜನರಿಗೂ ದಿನವೂ ಬೆಳಗ್ಗೆ, ಸಂಜೆ ಮನರಂಜನೆ ಕೊಡುತ್ತಾರೆ ಎಂದು ಚಿತ್ರದ ಅಡಿಬರಹ ಹೇಳುತ್ತದೆ.

ಇಂಥ ಚಿತ್ರಗಳನ್ನು ಕಂಡ ತಕ್ಷಣ ನಾವು ‘ಅಳಲೆಕಾಯಿ ಪಂಡಿತರು’ ಎಂದು ನಕ್ಕು ಪುಟ ತಿರುಗಿಸಿಬಿಡುತ್ತೇವೆ. ಅದು ನನಗೆ ಸರಿ ಎನಿಸುವುದಿಲ್ಲ. ದಾರಿಹೋಕರನ್ನು ನಿಲ್ಲಿಸಿ, ಒಂದು ಗಂಟೆ ಹಿಡಿದಿಟ್ಟು, ಕೊನೆಗೆ ಕಾಸು ಬಿಚ್ಚಿಸುವುದು ಎಂಥ ಕಸುಬು ಎಂಬುದಕ್ಕೆ ಇವಕ್ಕಿಂತ ಒಳ್ಳೆಯ ದಾಖಲೆ ಬೇರೆಲ್ಲೂ ಸಿಗುವುದಿಲ್ಲ. ಆಡಿದ ಮಾತು ಗಾಳಿಗೆ ಹೋಯಿತು, ಹಾಡಿದ ಹಾಡೂ ಹೋಯಿತು. ಹಲಗೆ ಎಷ್ಟು ಎತ್ತರದಲ್ಲಿತ್ತು, ಪೆಟ್ಟಿಗೆಯನ್ನು ಎಲ್ಲಿ ಇಟ್ಟಿದ್ದರು, ವಾದ್ಯದವನು ಎಲ್ಲಿ ನಿಂತಿದ್ದ, ಮಕ್ಕಳು ಎಲ್ಲಿ ನುಸುಳಿದ್ದರು ಎಂಬುದೆಲ್ಲ ಮಾತ್ರ ಈ ಗೆರೆಗಳಲ್ಲಿ ಉಳಿದಿದೆ.

ಫ್ರಾಂಕೊನ ಹಾಳೆಗೆ ಜೊತೆಯಾಗಿ ಓದಬೇಕಾದ ಒಂದು ಬರಹವೂ ಇದೆ. ಥಾಮಸ್ ಕೋರಿಯಟ್ ಎಂಬ ಇಂಗ್ಲಿಷ್ ಪ್ರವಾಸಿ 1608ರಲ್ಲಿ ವೆನಿಸ್ಸಿನಲ್ಲಿದ್ದ. ಕಂಡದ್ದನ್ನು 1611ರಲ್ಲಿ ಅಚ್ಚು ಹಾಕಿಸಿದ. ಒಂದೇ ಹೊತ್ತಿಗೆ ಐದಾರು ಅಟ್ಟಣಿಗೆಗಳು ನಡೆಯುತ್ತಿದ್ದವು, ಅಟ್ಟಣಿಗೆ ಕಟ್ಟುವ ಶಕ್ತಿ ಇಲ್ಲದವರು ನೆಲದ ಮೇಲೆಯೇ ನಿಂತು ಮಾರುತ್ತಿದ್ದರು ಎಂದು ಆತ ಬರೆಯುತ್ತಾನೆ. ಮೊದಲು ಸಂಗೀತ. ಸಂಗೀತ ನಡೆಯುತ್ತಿರುವಾಗಲೇ ಯಜಮಾನ ಪೆಟ್ಟಿಗೆ ತೆರೆದು ಸರಕು ಜೋಡಿಸುತ್ತಾನೆ. ಅದು ನಿಂತ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಭಾಷಣ. ಆಮೇಲೆ ಸರಕು ಒಂದೊಂದಾಗಿ ಕೈ ಬಿಡುತ್ತದೆ, ವಿದೂಷಕನ ಆಟ ಮಾತ್ರ ನಿಲ್ಲುವುದಿಲ್ಲ. ಹತ್ತು ಕ್ರೌನ್ ಎಂದು ಹೇಳಿದ ಬೆಲೆ ಇಳಿಯುತ್ತ ಇಳಿಯುತ್ತ ನಾಲ್ಕು ಗಜೆಟ್‌ಗೆ ಬಂದು ನಿಲ್ಲುತ್ತಿತ್ತಂತೆ. ಒಂದು ಗಜೆಟ್ ಆಗಿನ ಇಂಗ್ಲಿಷ್ ಪೆನ್ನಿಗಿಂತ ಕಡಿಮೆ ಬೆಲೆಯ ನಾಣ್ಯ. ಒಬ್ಬ ವೈಪರ್ ಹಾವನ್ನು ಕೈಯಲ್ಲಿ ಹಿಡಿದು ಕಾಲು ಗಂಟೆ ಆಡಿಸಿದ. ಇನ್ನೊಬ್ಬ ಚಾಕುವಿನಿಂದ ತನ್ನ ತೋಳನ್ನೇ ಕೊಯ್ದುಕೊಂಡು, ರಕ್ತ ಹರಿಸಿ, ಎಣ್ಣೆ ಸವರಿ, ಸ್ವಲ್ಪ ಹೊತ್ತಿನ ನಂತರ ಗಾಯದ ಗುರುತೇ ಇಲ್ಲದ ತೋಳನ್ನು ತೋರಿಸಿದ.

ಇದೇ ಕೋರಿಯಟ್ ಆಮೇಲೆ ನೆಲದ ದಾರಿಯಲ್ಲಿ ಭಾರತಕ್ಕೆ ಬಂದ. ಅಜ್ಮೀರದಲ್ಲಿ ಜಹಾಂಗೀರನ ಮುಂದೆ ಪರ್ಷಿಯನ್ ಭಾಷೆಯಲ್ಲಿ ಮಾತನಾಡಿದ. 1617ರಲ್ಲಿ ಸೂರತ್‌ನಲ್ಲಿ ತೀರಿಕೊಂಡ. ನಮ್ಮ ಚೌಕಗಳ ಗಾರುಡಿಗರನ್ನೂ ಆತ ಇಷ್ಟೇ ವಿವರವಾಗಿ ಬರೆದು ಅಚ್ಚು ಹಾಕಿಸುವಷ್ಟು ದಿನ ಬದುಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ನಿಮ್ಮಲ್ಲಿ ಯಾರಾದರೂ ಇಂಥ ಚಿತ್ರಗಳನ್ನು ಗಮನವಿಟ್ಟು ನೋಡಿದ್ದರೆ ಬರೆಯಿರಿ.

ರಂಗಸಂಗಾತಿ

ಒಳ್ಳೆಯ ವಿಷಯ ತೆಗೆದಿರಿ. ರಂಗಭೂಮಿಯವಳಾಗಿ ನಾನು ಇವನ್ನು ಔಷಧದ ಚಿತ್ರಗಳೆಂದು ನೋಡಿದ್ದೇ ಇಲ್ಲ. ಇಟಲಿಯ ಮುಖವಾಡದ ನಾಟಕಗಳು ಬಯಲಿನಲ್ಲಿ ಹೇಗೆ ನಡೆಯುತ್ತಿದ್ದವು ಎಂಬುದನ್ನು ತಿಳಿಯಲು ನಾವು ಮತ್ತೆ ಮತ್ತೆ ಹೋಗುವುದೇ ಈ ಹಾಳೆಗಳ ಹತ್ತಿರ. ಔಷಧದವನು ನಟರನ್ನು ಇಟ್ಟುಕೊಳ್ಳುತ್ತಿದ್ದ. ನಟರಿಗೆ ಟಿಕೆಟ್ ಮಾರುವ ಕಷ್ಟವಿರಲಿಲ್ಲ, ಔಷಧವೇ ಅವರ ಟಿಕೆಟ್ಟು. ಇಂಗ್ಲೆಂಡಿನಲ್ಲಿ ಹೆಂಗಸರ ಪಾತ್ರಗಳನ್ನು ಹುಡುಗರು ಮಾಡುತ್ತಿದ್ದ ಕಾಲದಲ್ಲಿ ಇಟಲಿಯ ಈ ಹಲಗೆಗಳ ಮೇಲೆ ಹೆಂಗಸರೇ ಹಾಡಿ ಅಭಿನಯಿಸುತ್ತಿದ್ದರು. ಇದನ್ನು ಬರಿಯ ಮನರಂಜನೆ ಎಂದು ಬದಿಗೆ ಸರಿಸಬೇಡಿ.

ಪ್ಯಾರಿಸ್ಸಿನ ತಬಾರೆನ್ ಜೋಡಿಯ ಬಗ್ಗೆ ಹೇಳಲೇಬೇಕು. 1618ರ ಸುಮಾರಿನಿಂದ ಕೆಲವು ವರ್ಷ ದೋಫಿನ್ ಚೌಕದಲ್ಲಿ ಆಡಿದವರು. ಮೊಂದೋರ್ ಎಂಬ ಹೆಸರಿನಲ್ಲಿ ಒಬ್ಬ ಗಂಭೀರ ವೈದ್ಯನಾಗಿ ನಿಲ್ಲುತ್ತಿದ್ದ, ತಬಾರೆನ್ ಅವನ ಆಳು. ಆಳು ಪೆದ್ದುಪೆದ್ದಾದ ಪ್ರಶ್ನೆ ಕೇಳುತ್ತಾನೆ, ಯಜಮಾನ ಪಾಂಡಿತ್ಯ ಬಿಚ್ಚಿ ಉತ್ತರ ಕೊಡುತ್ತಾನೆ, ಆಳು ಅದನ್ನು ತಲೆಕೆಳಗು ಮಾಡಿ ಜನರನ್ನು ನಗಿಸುತ್ತಾನೆ. ನಡುನಡುವೆ ಮುಲಾಮಿನ ಮಾರಾಟ. ತಬಾರೆನ್‌ನ ಮೆತ್ತನೆಯ ಟೋಪಿಗೆ ನಾನಾ ಆಕಾರಗಳು ಬರುತ್ತಿದ್ದವು. ಅವನ ಪ್ರಶ್ನೋತ್ತರಗಳು 1622ರಲ್ಲಿ ಪುಸ್ತಕವಾಗಿ ಅಚ್ಚಾದವು. ಚೌಕದ ಆಟವನ್ನು ನೋಡಿದವರು ಮನೆಗೆ ಒಯ್ಯಲು ಪುಸ್ತಕವೂ ಸಿದ್ಧವಾಗಿತ್ತು ಎಂದಾಯಿತು.

ಅಟ್ಟಣಿಗೆಯ ಎತ್ತರದ ಮಾತು ಬಂತಲ್ಲ, ಅದು ಬರಿಯ ಕಾಣಿಸಿಕೊಳ್ಳುವುದಕ್ಕಾಗಿ ಇದ್ದದ್ದಲ್ಲ. ಕೊಳ್ಳುವವರು ಕರವಸ್ತ್ರದ ತುದಿಗೆ ಕಾಸು ಗಂಟು ಹಾಕಿ ಮೇಲಕ್ಕೆ ಎಸೆಯುತ್ತಿದ್ದರು. ಅದೇ ಬಟ್ಟೆಯಲ್ಲಿ ಔಷಧ ಕಟ್ಟಿ ಕೆಳಗೆ ಎಸೆಯಲಾಗುತ್ತಿತ್ತು. ಎಲ್ಲರ ತಲೆಯ ಮೇಲೆ ಹಾರಿ ಹೋಗುವ ಕರವಸ್ತ್ರವನ್ನು ಎಲ್ಲರೂ ನೋಡುತ್ತಾರೆ. ಒಬ್ಬ ಕೊಂಡದ್ದು ಉಳಿದವರಿಗೆ ಗೊತ್ತಾಗಲೇಬೇಕು. ನೆಲದ ಮೇಲೆ ನಿಂತು ಕೈಯಿಂದ ಕೈಗೆ ಕೊಟ್ಟರೆ ಆ ಪರಿಣಾಮ ಸಿಗುವುದಿಲ್ಲ.

ತಾಲ್ಲೂಕು ವೈದ್ಯೆ

ನಾನು ವೃತ್ತಿಯಿಂದ ವೈದ್ಯೆ. ಇಬ್ಬರ ಉತ್ಸಾಹವೂ ಅರ್ಥವಾಗುತ್ತದೆ, ಆದರೆ ‘ಮೋಸದ ಮಾತು ಆಮೇಲೆ’ ಎಂಬ ಧಾಟಿಯನ್ನು ನಾನು ಒಪ್ಪಲಾರೆ.

ಲೂಕಾಸ್ ವಾನ್ ಲೈಡನ್ 1523ರಲ್ಲಿ ಕೆತ್ತಿದ ಹಲ್ಲು ಕೀಳುವವನ ಚಿತ್ರವನ್ನು ನೋಡಿ. ಬಡ ರೋಗಿ ಬಾಯಿ ತೆರೆದು ನಿಂತಿದ್ದಾನೆ, ಇವನು ಬಾಯಿಗೆ ಕೈ ಹಾಕಿದ್ದಾನೆ, ಹಿಂದೆ ನಿಂತ ಹೆಂಗಸು ರೋಗಿಯ ಹಣದ ಚೀಲಕ್ಕೆ ಕೈ ಹಾಕಿದ್ದಾಳೆ. ನೋವಿನಲ್ಲಿರುವ ಮನುಷ್ಯನಿಗೆ ತನ್ನ ಸೊಂಟದ ಮೇಲೆ ಗಮನವಿರುವುದಿಲ್ಲ. ಇದನ್ನು ಕೆತ್ತಿದವನು ಕಣ್ಣಾರೆ ಕಂಡ ಯಾತನೆಯನ್ನೇ ಹೇಳುತ್ತಿದ್ದಾನೆ ಎಂದು ನನಗೆ ಅನಿಸುತ್ತದೆ.

ಹಲ್ಲಿನ ಮಾತು ಬಿಡಿ, ಕಿತ್ತ ಹಲ್ಲು ಎದುರಿಗೇ ಇರುತ್ತದೆ. ಕಣ್ಣಿನದು ಘೋರ. ಆಗಿನ ತಿರುಗಾಟದ ಕಣ್ಣಿನ ವೈದ್ಯರು ಪೊರೆ ಬಂದ ಮಸೂರವನ್ನು ಸೂಜಿಯಿಂದ ಒತ್ತಿ ಕಣ್ಣಿನೊಳಗೇ ಕೆಳಕ್ಕೆ ತಳ್ಳುತ್ತಿದ್ದರು. ಸುಶ್ರುತನ ಕಾಲದಿಂದ ನಮ್ಮಲ್ಲೂ ಇದ್ದ ಕ್ರಮವೇ ಅದು. ಪೊರೆ ಅಡ್ಡದಿಂದ ಸರಿದ ಕ್ಷಣವೇ ಬೆಳಕು ಕಾಣುತ್ತದೆ, ಜನ ಜಯಕಾರ ಹಾಕುತ್ತಾರೆ. ಕೀವು, ಒತ್ತಡ, ಕುರುಡುತನ ಬರುವುದು ಕೆಲವು ದಿನಗಳ ನಂತರ. ಅಷ್ಟರಲ್ಲಿ ಗಾಡಿ ಮುಂದಿನ ಊರು ಸೇರಿರುತ್ತದೆ. ಇಂಗ್ಲೆಂಡಿನ ಜಾನ್ ಟೇಲರ್ ಹೀಗೆಯೇ ಯುರೋಪು ಸುತ್ತಿದವನು. ಊರಿಗೆ ಬರುವ ಮೊದಲೇ ಪ್ರಚಾರ, ಶಸ್ತ್ರಕ್ರಿಯೆಗೆ ಮೊದಲು ದೊಡ್ಡ ಭಾಷಣ. 1750ರ ವಸಂತದಲ್ಲಿ ಲೈಪ್‌ಜಿಗ್‌ನಲ್ಲಿ ಸಂಗೀತಗಾರ ಬಾಖ್ ಅವರ ಕಣ್ಣಿಗೆ ಎರಡು ಬಾರಿ ಸೂಜಿ ಹಾಕಿದ. ಬಾಖ್ ಪೂರ್ತಿ ಕುರುಡರಾದರು, ಅದೇ ವರ್ಷ ಜುಲೈ 28ರಂದು ತೀರಿಕೊಂಡರು. ಇಂಗ್ಲಿಷ್ ಚಿತ್ರಕಾರ ಹೋಗಾರ್ತ್ ತನ್ನ ಒಂದು ಅಚ್ಚುಚಿತ್ರದಲ್ಲಿ ಈ ಟೇಲರ್‌ನನ್ನು ಹೆಣ ಸಾಗಿಸುವವರ ಸಂಘದ ಲಾಂಛನದೊಳಗೆ ಕೂರಿಸಿದ್ದಾನೆ. ನನಗೆ ಆ ಚಿತ್ರದ ಸಿಟ್ಟು ನ್ಯಾಯವೆನಿಸುತ್ತದೆ.

ಸಂತೆಯ ಹಾದಿ

ನಮ್ಮ ಕಡೆಯ ವಾರದ ಸಂತೆಯಲ್ಲಿ ಹಾವಿನ ಬುಟ್ಟಿ, ಮುಂಗುಸಿಯ ಚೀಲ ಇಟ್ಟುಕೊಂಡು ಕೂರುತ್ತಿದ್ದವರನ್ನು ಕಂಡವರು ಇಲ್ಲಿ ಅನೇಕರು ಇರಬಹುದು. ನೆಲದ ಮೇಲೆ ಸುಣ್ಣದ ಗೆರೆ ಎಳೆದು ‘ಈ ಗೆರೆ ದಾಟಬೇಡಿ’ ಎನ್ನುತ್ತಿದ್ದರು. ಈಗ ಕಾಳಗ, ಇನ್ನೇನು ಕಾಳಗ ಎಂದು ಹೇಳುತ್ತಲೇ ಬೇರು, ತಾಯಿತ, ಕೀಲುನೋವಿನ ಎಣ್ಣೆ ಎಲ್ಲವೂ ಖರ್ಚಾಗುತ್ತಿದ್ದವು. ಕಾಳಗ ಮಾತ್ರ ಆಗುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಾವು ಹಿಡಿದು ಆಡಿಸುವುದು ಕ್ರಮೇಣ ಮರೆಯಾಯಿತು. ಅಚ್ಚುಪ್ರಿಯ ಅವರು ಹೇಳಿದ ವೈಪರ್ ಹಾವಿನ ಕಾಲು ಗಂಟೆಯನ್ನು ಓದಿದಾಗ ಆ ಸುಣ್ಣದ ಗೆರೆ ನೆನಪಾಯಿತು. ಜನರನ್ನು ಎಷ್ಟು ದೂರದಲ್ಲಿ ನಿಲ್ಲಿಸಬೇಕು ಎಂಬುದೂ ಕಸುಬಿನ ಒಂದು ಭಾಗ.

ಭಾರತದಲ್ಲಿ ಇಂಥ ಅಚ್ಚುಚಿತ್ರಗಳನ್ನು ಯಾರೂ ಮಾಡಲಿಲ್ಲವೇ?

ಅಚ್ಚುಪ್ರಿಯ

ಮೊದಲು ಡಾಕ್ಟರ್ ಮೇಡಂ ಅವರಿಗೆ. ಟೇಲರ್‌ನನ್ನು ಸಮರ್ಥಿಸುವ ಮಾತೇ ಇಲ್ಲ. ನೀವು ಹೇಳಿದ ‘ಕೆಲವು ದಿನಗಳ ನಂತರ’ ಎಂಬ ಅಂಶ ಯಾವ ಚಿತ್ರದಲ್ಲೂ ಕಾಣುವುದಿಲ್ಲ. ಒಂದೇ ಗಳಿಗೆಯನ್ನು ಹಿಡಿಯುವ ಹಾಳೆಗೆ ಅದು ಸಿಗುವುದೂ ಇಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡೇ ನೋಡಬೇಕು, ಒಪ್ಪುತ್ತೇನೆ.

ಆದರೆ ಅಟ್ಟಣಿಗೆಯ ಮೇಲಿದ್ದವರೆಲ್ಲ ಕಾನೂನಿನ ಕಣ್ಣು ತಪ್ಪಿಸಿ ಓಡಾಡುತ್ತಿದ್ದರು ಎಂದು ತಿಳಿಯಬಾರದು. ಇಟಲಿಯ ಹಲವು ಸಂಸ್ಥಾನಗಳಲ್ಲಿ ಪ್ರೋಟೊಮೆಡಿಕಾಟೊ ಎಂಬ ವೈದ್ಯಕೀಯ ಅಧಿಕಾರಮಂಡಲಿಯಿಂದ ಪರವಾನಗಿ ಪಡೆದು, ಶುಲ್ಕ ಕಟ್ಟಿ ಅವರು ಮಾರುತ್ತಿದ್ದರು. ಪ್ಯಾರಿಸ್ಸಿನಲ್ಲಿ ಕ್ರಿಸ್ತೋಫ್ ಕೊಂತೂಜಿ ಎಂಬಾತನಿಗೆ ಓರ್ವಿಯೆತಾನ್ ಎಂಬ ವಿಷಹಾರಿ ಲೇಹ್ಯ ಮಾರಲು 1647ರಲ್ಲಿ ಅರಸನ ಅಪ್ಪಣೆಯೇ ಸಿಕ್ಕಿತ್ತು. ಇನ್ನು ಓದಿದ ವೈದ್ಯರು ಬರೆದುಕೊಡುತ್ತಿದ್ದ ಥೇರಿಯಾಕ್ ಎಂಬ ಮಹಾಔಷಧವನ್ನೇ ತೆಗೆದುಕೊಳ್ಳಿ. ಅರವತ್ತಕ್ಕೂ ಹೆಚ್ಚು ವಸ್ತುಗಳು, ಅವುಗಳಲ್ಲಿ ವೈಪರ್ ಹಾವಿನ ಮಾಂಸ ಮತ್ತು ಅಫೀಮು. ವೆನಿಸ್ಸಿನ ದೊಡ್ಡ ಔಷಧದ ಅಂಗಡಿಗಳವರು ಅದನ್ನು ಅಧಿಕಾರಿಗಳ ಎದುರಿನಲ್ಲಿ, ಬೀದಿಯಲ್ಲಿ, ಜನ ನೋಡುವಂತೆ ಕುಟ್ಟಿ ತಯಾರಿಸುತ್ತಿದ್ದರು. ಅದೂ ಒಂದು ಪ್ರದರ್ಶನವೇ. ಅಂಗಡಿಯವನ ಹಾವಿಗೆ ಗೌರವ, ಅಟ್ಟಣಿಗೆಯವನ ಹಾವಿಗೆ ಗೇಲಿ ಎಂದಾದರೆ, ಆ ವ್ಯತ್ಯಾಸವನ್ನು ಮಾಡಿದವರು ಯಾರು ಎಂದು ಕೇಳಬೇಕಾಗುತ್ತದೆ.

ಸಂತೆಯ ಹಾದಿ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಕಲ್ಕತ್ತೆಯಲ್ಲಿದೆ. ಬಾಲ್ತಜಾರ್ ಸೋಲ್ವಿನ್ಸ್ ಎಂಬ ಫ್ಲೆಮಿಶ್ ಕಲಾವಿದ 1790ರ ದಶಕದಲ್ಲಿ ಅಲ್ಲಿ ನೆಲೆಸಿ, ಬಂಗಾಳದ ಕಸುಬುದಾರರು, ಸಾಧುಗಳು, ವಾದ್ಯಗಾರರು, ವಾಹನಗಳು, ಹಬ್ಬಗಳು ಎಲ್ಲವನ್ನೂ 250 ಎಚ್ಚಿಂಗ್‌ಗಳಲ್ಲಿ (ಲೇಪ ಬಳಿದ ಲೋಹದ ತಗಡಿನ ಮೇಲೆ ಗೀರಿ, ಗೆರೆಗಳನ್ನು ಆಮ್ಲದಿಂದ ಕೊರೆಸಿ ಒತ್ತುವ ಅಚ್ಚುಗಳಲ್ಲಿ) ಹಿಡಿದ. ಬಣ್ಣ ತೀರ ಮಂಕು, ಆಗ ಕೊಂಡವರು ಕಡಿಮೆ. ಆಮೇಲೆ ಪ್ಯಾರಿಸ್ಸಿನಲ್ಲಿ 1808ರಿಂದ 1812ರವರೆಗೆ ನಾಲ್ಕು ದೊಡ್ಡ ಸಂಪುಟಗಳಾಗಿ ಮತ್ತೆ ಕೆತ್ತಿ ಹೊರತಂದ. ಅವನ ಹೆಚ್ಚಿನ ಹಾಳೆಗಳಲ್ಲಿ ಒಬ್ಬೊಬ್ಬರೇ ನಿಂತಿರುತ್ತಾರೆ, ಸುತ್ತ ಜನ ಇರುವುದಿಲ್ಲ. ಆ ಕೊರತೆ ನನ್ನನ್ನು ಬಹಳ ಕಾಡುತ್ತದೆ.

ಹಳೇಪೇಟೆ ಓದುಗ

ಕರವಸ್ತ್ರದ ವಿವರ ಅದ್ಭುತ. ಈ ಚರ್ಚೆಯನ್ನು ಉಳಿಸಿಕೊಂಡಿದ್ದೇನೆ.

ಜಪಾನಿನಲ್ಲಿ ಕನ್ನಡಿಗ

ಇಲ್ಲಿಯವರೆಗೆ ಮಾತೆಲ್ಲ ಯುರೋಪಿನದು. ಜಪಾನಿನ ಎರಡು ಸಂಗತಿಗಳನ್ನು ಸೇರಿಸುತ್ತೇನೆ. ಇಲ್ಲಿ ಅಚ್ಚುಚಿತ್ರಕ್ಕೂ ಔಷಧಕ್ಕೂ ಇರುವ ನಂಟು ಇನ್ನೂ ಹತ್ತಿರದ್ದು.

ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಅಸಾಕುಸಾ ದೇವಾಲಯದ ಹಿಂದಿನ ಬಯಲಿನಲ್ಲಿ ಮತ್ಸುಯಿ ಗೆನ್‌ಸುಯಿ ಎಂಬ ವಂಶದ ಹೆಸರಿನವರು ತಲೆಮಾರುಗಳ ಕಾಲ ಬುಗುರಿ ಆಡಿಸಿ ಹೊಟ್ಟೆನೋವಿನ ಗುಳಿಗೆ ಮತ್ತು ಹಲ್ಲಿನ ಔಷಧ ಮಾರುತ್ತಿದ್ದರು. ಮರದ ಅಚ್ಚಿನ ಬಣ್ಣದ ಚಿತ್ರಗಳಲ್ಲಿ ಅವರು ಕಾಣಿಸಿಕೊಳ್ಳುತ್ತಾರೆ. ಔಷಧದ ನೆಪದಲ್ಲಿ ಬೆಳೆದ ಬುಗುರಿಯ ಕಲೆ ಎಷ್ಟು ಮುಂದೆ ಹೋಯಿತೆಂದರೆ, 1867ರಲ್ಲಿ ಅದೇ ಹೆಸರಿನ ಕಲಾವಿದರೊಬ್ಬರು ಲಂಡನ್ನಿನಲ್ಲಿ ಆಟ ತೋರಿಸಿದರು. ಅಷ್ಟು ಹೊತ್ತಿಗೆ ಗುಳಿಗೆ ಹಿಂದೆ ಬಿದ್ದು ಬುಗುರಿ ಮುಂದೆ ಬಂದಿತ್ತು.

ಎರಡನೆಯದು ತೊಯಾಮಾ ಪ್ರಾಂತದ ತಿರುಗಾಟದ ವ್ಯಾಪಾರಿಗಳು. ಇವರಿಗೆ ಚೌಕವೂ ಬೇಡ, ಹಲಗೆಯೂ ಬೇಡ. ಬೆನ್ನ ಮೇಲೆ ಬೆತ್ತದ ಪೆಟ್ಟಿಗೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಒಂದಷ್ಟು ಔಷಧವನ್ನು ಹಣ ತೆಗೆದುಕೊಳ್ಳದೆ ಮನೆಯಲ್ಲೇ ಬಿಟ್ಟು ಬರುತ್ತಾರೆ. ಮುಂದಿನ ಸಲ ಬಂದಾಗ ಮನೆಯಲ್ಲಿಟ್ಟಿದ್ದ ಔಷಧದ ಪೆಟ್ಟಿಗೆ ತೆರೆದು ನೋಡಿ, ಬಳಸಿದ್ದಕ್ಕೆ ಮಾತ್ರ ಹಣ ಪಡೆದು, ಖಾಲಿಯಾದ ಜಾಗವನ್ನು ತುಂಬುತ್ತಾರೆ. ಯಾರ ಮನೆಯಲ್ಲಿ ಏನು ಖರ್ಚಾಯಿತು ಎಂದು ಬರೆದಿಡುವ ಲೆಕ್ಕದ ಪುಸ್ತಕವೇ ವ್ಯಾಪಾರಿಯ ಆಸ್ತಿ. ಗಾಡಿ ಮುಂದಿನ ಊರು ಸೇರಿರುತ್ತದೆ ಎಂದು ಡಾಕ್ಟರ್ ಮೇಡಂ ಹೇಳಿದ ತೊಂದರೆಗೆ ಇದು ಒಂದು ಬಗೆಯ ಉತ್ತರ: ವರ್ಷ ತಿರುಗುವುದರೊಳಗೆ ಅದೇ ಹೊಸ್ತಿಲಿಗೆ ಬರಬೇಕಾದವನು ಊರು ಬಿಟ್ಟು ಓಡಿಹೋಗಲಾರ.

ಇವರು ಗಿರಾಕಿಗಳಿಗೆ ಉಡುಗೊರೆಯಾಗಿ ಕೊಡುತ್ತಿದ್ದದ್ದು ಮರದ ಅಚ್ಚಿನ ಚಿತ್ರಗಳು. ನಾಟಕದ ನಟರು, ಅದೃಷ್ಟದ ದೇವತೆಗಳು, ಯೋಧರು. ದೂರದ ಹಳ್ಳಿಯ ಮನೆಗೆ ಪಟ್ಟಣದ ರಂಗಭೂಮಿಯ ಸುದ್ದಿ ಹೋಗುತ್ತಿದ್ದದ್ದು ಹೊಟ್ಟೆನೋವಿನ ಗುಳಿಗೆಯ ಜೊತೆಯಲ್ಲಿ! ಎದೊದ ಪ್ರಸಿದ್ಧ ಅಚ್ಚುಗಳಿಗೆ ಹೋಲಿಸಿದರೆ ಇವುಗಳ ಕಾಗದ ತೆಳು, ಬಣ್ಣ ಕಡಿಮೆ. ಪುಕ್ಕಟೆ ಕೊಡುವುದಕ್ಕೆ ಮಾಡಿದ್ದಲ್ಲವೇ. ಮುಂದೆ ಚಿತ್ರಗಳ ಜಾಗಕ್ಕೆ ಮಕ್ಕಳಾಡುವ ಕಾಗದದ ಬಲೂನು ಬಂತು.

ತಾಲ್ಲೂಕು ವೈದ್ಯೆ

ತೊಯಾಮಾದ ಕ್ರಮ ಗೊತ್ತಿರಲಿಲ್ಲ, ತುಂಬ ಸಂತೋಷವಾಯಿತು. ಬಳಸಿದ್ದಕ್ಕೆ ಮಾತ್ರ ಹಣ ಎನ್ನುವುದು ರೋಗಿಯ ಕಡೆಯಿಂದ ಯೋಚಿಸಿದ ವ್ಯಾಪಾರ.

ಅಚ್ಚುಪ್ರಿಯ ಅವರ ಪ್ರಶ್ನೆ ಸರಿಯಾದದ್ದೇ. ಥೇರಿಯಾಕ್ ಎಷ್ಟು ಗುಣ ಮಾಡುತ್ತಿತ್ತು ಎಂದು ಕೇಳಿದರೆ ಅಂಗಡಿಯವರಿಗೂ ಉತ್ತರ ಇರಲಿಕ್ಕಿಲ್ಲ, ಅದರಲ್ಲಿದ್ದ ಅಫೀಮಿನ ಕೆಲಸ ಬಿಟ್ಟರೆ. ಆದರೂ ವ್ಯತ್ಯಾಸವನ್ನು ಮಾಡಿದವರು ಹೊಟ್ಟೆಕಿಚ್ಚಿನ ವೈದ್ಯರು ಮಾತ್ರ ಎನ್ನಬೇಡಿ. ಪರೀಕ್ಷೆಯೂ ಮಾಡಿತು. ಅಮೆರಿಕದ ಕ್ಲಾರ್ಕ್ ಸ್ಟ್ಯಾನ್ಲಿ ತನ್ನ ಹಾವಿನ ಎಣ್ಣೆಯನ್ನು ಜನರ ಎದುರಿಗೆ ಬುಡುಬುಡಿಕೆ ಹಾವುಗಳನ್ನು ಸೀಳಿ ಮಾರುತ್ತಿದ್ದವನು. 1906ರ ಆಹಾರ ಮತ್ತು ಔಷಧ ಕಾಯ್ದೆ ಬಂದ ಮೇಲೆ ಸರ್ಕಾರ ಅವನ ಸರಕನ್ನು ಹಿಡಿದು ಪರೀಕ್ಷಿಸಿತು. ಸಿಕ್ಕಿದ್ದು ಖನಿಜ ತೈಲ, ಸ್ವಲ್ಪ ಕೊಬ್ಬು, ಮೆಣಸಿನಕಾಯಿಯ ಸತ್ವ, ಜೊತೆಗೆ ಕರ್ಪೂರ, ಟರ್ಪೆಂಟೈನ್ ಇರಬಹುದಾದ ಅಂಶ. ಹಾವಿನದು ಏನೂ ಇಲ್ಲ. ದಂಡ 20 ಡಾಲರ್.

ಆ ಎಣ್ಣೆ ಹಚ್ಚಿದವರಿಗೆ ಒಂದಿಷ್ಟು ಹಾಯೆನಿಸಿರಬಹುದು ಎಂಬುದನ್ನೂ ಹೇಳಬೇಕು. ಮೆಣಸಿನಕಾಯಿಯ ಖಾರದ ಅಂಶವನ್ನು ನೋವಿನ ಮುಲಾಮುಗಳಲ್ಲಿ ನಾವು ಇಂದಿಗೂ ಬಳಸುತ್ತೇವೆ. ಹೇಳಿದ್ದು ಸುಳ್ಳು, ಬಾಟಲಿಯಲ್ಲಿದ್ದದ್ದು ಪೂರ್ತಿ ನಿಷ್ಪ್ರಯೋಜಕವಲ್ಲ. ಅಪಾಯ ಇರುವುದೂ ಅಲ್ಲೇ. ಸ್ವಲ್ಪ ಹಿತ ಕಂಡ ರೋಗಿ ಹೇಳಿದ್ದೆಲ್ಲವನ್ನೂ ನಂಬುತ್ತಾನೆ, ಗಡ್ಡೆಗೂ ಅದನ್ನೇ ಹಚ್ಚುತ್ತಾನೆ. ನಮ್ಮಲ್ಲಿ ಮಾಂತ್ರಿಕ ಔಷಧಗಳ ಜಾಹೀರಾತಿನ ಮೇಲೆ 1954ರಲ್ಲೇ ಕಾಯ್ದೆ ಬಂದಿದೆ. ಹಾಗಿದ್ದೂ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಮೊಬೈಲಿನಲ್ಲಿ ಕಂಡ ಪುಡಿ ತಿಂದು ಬರುವವರನ್ನು ನಾನು ಈಗಲೂ ನೋಡುತ್ತಿದ್ದೇನೆ.

ಹೊಸ ಓದುಗಿ

ನಾನು ಚಿತ್ರಕಲೆ ಕಲಿತವಳಲ್ಲ. ಇವುಗಳಲ್ಲಿ ಯಾವುದರಿಂದ ಶುರು ಮಾಡಲಿ, ನೋಡುವುದು ಹೇಗೆ ಎಂದು ಯಾರಾದರೂ ಹೇಳುತ್ತೀರಾ?

ಅಚ್ಚುಪ್ರಿಯ

ಜಾಕ್ ಕಾಲೋನ ‘ಇಂಪ್ರುನೆತಾ ಜಾತ್ರೆ’ಯಿಂದ ಶುರು ಮಾಡಿ. ಫ್ಲಾರೆನ್ಸ್ ಬಳಿಯ ಇಂಪ್ರುನೆತಾ ಊರಿನಲ್ಲಿ ಅಕ್ಟೋಬರ್ 18ರ ಸಂತ ಲೂಕನ ದಿನ ನಡೆಯುತ್ತಿದ್ದ ಜಾತ್ರೆ ಅದು. ಲೂಕನು ವೈದ್ಯರಿಗೂ ಚಿತ್ರಕಾರರಿಗೂ ಪೋಷಕ ಸಂತ. 1620ರಲ್ಲಿ ಕಾಲೋ ಮಾಡಿದ ಈ ಎಚ್ಚಿಂಗ್ ಸುಮಾರು 43 ಸೆಂ.ಮೀ. ಎತ್ತರ, 67 ಸೆಂ.ಮೀ. ಅಗಲ. ಅಷ್ಟರಲ್ಲೇ ಸಾವಿರಕ್ಕೂ ಹೆಚ್ಚು ಜನ, ಜೊತೆಗೆ ಕುದುರೆ, ಕತ್ತೆ, ನಾಯಿಗಳು. ತಗಡಿಗೆ ಮೇಣದ ಬದಲು ವೀಣೆಯಂಥ ಲೂಟ್ ವಾದ್ಯ ಮಾಡುವವರ ಗಟ್ಟಿ ವಾರ್ನಿಷ್ ಬಳಿದು ಗೀರಿದ್ದರಿಂದ ಇಷ್ಟು ಸೂಕ್ಷ್ಮ ಗೆರೆ ಸಾಧ್ಯವಾಯಿತು. ಈ ಜನಸಾಗರದಲ್ಲಿ ಹಲಗೆ ಏರಿ ಹಾವು ತೋರಿಸುತ್ತಿರುವ ಔಷಧದವನನ್ನು ಹುಡುಕಿ. ದೊಡ್ಡ ವಸ್ತುಸಂಗ್ರಹಾಲಯಗಳ ಜಾಲತಾಣಗಳಲ್ಲಿ ಹಿಗ್ಗಿಸಿ ನೋಡಬಹುದಾದ ಪ್ರತಿಗಳಿವೆ. ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿ ವೈದ್ಯಕೀಯಕ್ಕೆ ಸಂಬಂಧಿಸಿದ ಅಚ್ಚುಚಿತ್ರಗಳ ರಾಶಿಯೇ ಇದೆ.

ಅವನು ಸಿಕ್ಕ ಮೇಲೆ ಅವನನ್ನು ಬಿಟ್ಟು ಜನರನ್ನು ನೋಡಿ. ಯಾರು ನಿಂತಿದ್ದಾರೆ, ಯಾರು ಬೆನ್ನು ತಿರುಗಿಸಿ ಪಾತ್ರೆ ಕೊಳ್ಳುತ್ತಿದ್ದಾರೆ, ಯಾರು ದೂರದಿಂದಲೇ ಕತ್ತು ಚಾಚಿದ್ದಾರೆ. ಸಾವಿರ ಜನರಲ್ಲಿ ಇವನಿಗೆ ಸಿಕ್ಕವರು ಒಂದು ಗುಂಪು ಮಾತ್ರ. ಎಂಥ ಜಾಣ ಮಾತುಗಾರನೂ ಜಾತ್ರೆಯ ಸದ್ದಿನೊಡನೆ ಹೋರಾಡಬೇಕಿತ್ತು ಎಂಬುದು ಇದೊಂದು ಹಾಳೆಯಲ್ಲಿ ಮನವರಿಕೆಯಾಗುತ್ತದೆ. ತಗಡಿನಲ್ಲಿ ಗೀರಿದ್ದು ಕಾಗದದಲ್ಲಿ ಎಡಬಲ ಅದಲುಬದಲಾಗುತ್ತದೆ ಎಂಬುದನ್ನೂ ಗಮನದಲ್ಲಿಡಿ. ಚಿತ್ರದಲ್ಲಿ ಎಲ್ಲರೂ ಎಡಗೈಯವರಂತೆ ಕಂಡರೆ ಕಾರಣ ಅದು.

ಆಮೇಲೆ ರೆಂಬ್ರಾಂಟ್ 1635ರಲ್ಲಿ ಮಾಡಿದ ಔಷಧ ಮಾರುವವನನ್ನು ನೋಡಿ. ಇಡೀ ಚಿತ್ರ 8 ಸೆಂ.ಮೀ. ಎತ್ತರವೂ ಇಲ್ಲ. ಜನವಿಲ್ಲ, ಹಲಗೆಯಿಲ್ಲ, ಸರಕಿನ ತಟ್ಟೆಯೊಡನೆ ನಿಂತ ಒಬ್ಬನೇ ಮನುಷ್ಯ.

ಅಚ್ಚುಚಿತ್ರವಲ್ಲದಿದ್ದರೂ ಹೆರಿಟ್ ಡೌ 1652ರಲ್ಲಿ ಬರೆದ ವರ್ಣಚಿತ್ರವನ್ನು ಬಿಡಬೇಡಿ. ರಾಟರ್‌ಡ್ಯಾಮ್‌ನ ಬೊಯ್‌ಮನ್ಸ್ ಸಂಗ್ರಹದಲ್ಲಿದೆ. ಮುಂದೆ ಔಷಧದವನು ಕೈಯೆತ್ತಿ ಮಾತನಾಡುತ್ತಿದ್ದಾನೆ. ಅವನ ಹಿಂದಿನ ಕಿಟಕಿಯಲ್ಲಿ ಬಣ್ಣ ಕಲಸುವ ಹಲಗೆ ಹಿಡಿದ ಡೌ ತಾನೇ ನಿಂತು ನಮ್ಮನ್ನು ನೋಡುತ್ತಿದ್ದಾನೆ. ಕಣ್ಣು ಸೆಳೆದು ಕಾಸು ಪಡೆಯುವ ಕೆಲಸದಲ್ಲಿ ತಾವಿಬ್ಬರೂ ನೆರೆಹೊರೆಯವರು ಎಂದು ಆತ ಹೇಳುತ್ತಿದ್ದಾನೆ ಎಂಬುದು ನನ್ನ ಓದು.

ತಾಲ್ಲೂಕು ವೈದ್ಯೆ

ಡೌ ಚಿತ್ರವನ್ನು ಈಗಷ್ಟೇ ಹಿಗ್ಗಿಸಿ ನೋಡಿದೆ. ಗುಂಪಿನಲ್ಲಿ ಮಗುವಿನ ಅಂಡು ಒರೆಸುತ್ತಿರುವ ತಾಯಿಯೂ ಇದ್ದಾಳೆ, ಅವಳ ಗಮನ ಭಾಷಣದ ಕಡೆ ಇಲ್ಲವೇ ಇಲ್ಲ. ಚಿತ್ರಕಾರ ನೆರೆಯವನು ಎಂಬ ನಿಮ್ಮ ಓದನ್ನು ಒಪ್ಪಬಹುದು. ಆದರೆ ಅವನ ಸರಕನ್ನು ಯಾರೂ ನುಂಗಬೇಕಾಗಿಲ್ಲ, ಆದ್ದರಿಂದ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಇನ್ನೂ ಸಿದ್ಧಳಿಲ್ಲ. ಸೋಲ್ವಿನ್ಸ್‌ನ ಹಾಳೆಗಳಲ್ಲಿ ಕಣ್ಣಿನ ಪೊರೆ ತೆಗೆಯುವವರು ಯಾರಾದರೂ ಇದ್ದಾರೆಯೇ ಎಂದು ಈ ವಾರ ಹುಡುಕುತ್ತೇನೆ. ಸಿಕ್ಕರೆ ಇಲ್ಲೇ ಹಾಕುತ್ತೇನೆ.